ಬಾಗಲಗುಂಟೆ ಸುತ್ತಿಕೊಂಡು ಕೊಡಿಗೇಹಳ್ಳಿಗೆ

ಫೆಬ್ರವರಿ ಕೊನೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಯಲಹಂಕದ ನಮ್ಮ ಹಾಸ್ಟೆಲ್ಲಿನಿಂದ ಹೊರಟೆ. ಬ್ಯಾಗಿನಲ್ಲಿ ನೀರಿನ ಬಾಟಲಿ, ಆಧಾರ್ ಕಾರ್ಡು ಮತ್ತು ಏನೂ ಬರೆಯದ ಒಂದು ಹಾಳೆ ಇದ್ದವು. ಆ ಹಾಳೆಯೇ ಈ ಪ್ರಯಾಣಕ್ಕೆ ಕಾರಣ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊನೆಯ ವರ್ಷದವರೆಲ್ಲ ಅರ್ಧ ಪುಟ ಬರೆದುಕೊಡಬೇಕು, ಹೈಸ್ಕೂಲಿನಲ್ಲಿದ್ದ ನಿಮಗೆ ನೀವೇ ಈಗ ಏನು ಬುದ್ಧಿ ಹೇಳುತ್ತೀರಿ ಎಂಬುದೇ ವಿಷಯ ಎಂದು ಕನ್ನಡ ಮೇಷ್ಟ್ರು ಹೇಳಿದ್ದರು. ನನ್ನ ರೂಮಿನ ಪಲ್ಲವಿ ಹತ್ತು ನಿಮಿಷದಲ್ಲಿ ಗೀಚಿ ಮುಗಿಸಿದಳು. ಗೆಳತಿ ತಗೊಂಡಳೆಂದು ಸೈನ್ಸ್ ತಗೋಬೇಡ, ಗೈಡು ನೋಡಿ ಬಾಯಿಪಾಠ ಮಾಡಬೇಡ, ಸರಿಯಾಗಿ ನಿದ್ದೆ ಮಾಡು ಎಂದೆಲ್ಲ ಬರೆದಿದ್ದಳು. ಒಳ್ಳೆಯ ಮಾತುಗಳೇ. ನಾನು ಮಾತ್ರ ನಾಲ್ಕು ದಿನ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು, ರೇಣುಕಾ. ಅವಳನ್ನು ಹುಡುಕಿ ಕ್ಷಮೆ ಕೇಳದೆ ಏನು ಬರೆದರೂ ಅದು ಸುಳ್ಳಾಗುತ್ತದೆ ಎನ್ನಿಸಿತ್ತು.

ಗೇಟಿನವರೆಗೆ ಪಲ್ಲವಿ ಬಂದಿದ್ದಳು. ಅಷ್ಟರಲ್ಲಿ ಅವ್ವನ ಫೋನು ಬಂತು. 'ಹ್ಞೂಂ. ಸರಿ. ಆಮೇಲೆ ಮಾಡ್ತೀನಿ' ಎಂದು ಮೂರೇ ಮಾತಿನಲ್ಲಿ ಮುಗಿಸಿದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವ್ವನ ಜೊತೆ ನನ್ನ ಮಾತು ಅಷ್ಟೇ. ಉಳಿದದ್ದನ್ನು ಹಾಸ್ಟೆಲ್ಲಿನ ತಾರಸಿಯಲ್ಲಿ ಒಬ್ಬಳೇ ನಿಂತು ಆಡುತ್ತೇನೆ. ನಮ್ಮವರು ಬಾದಾಮಿ ಕಡೆಯವರು. ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ, ಮನೆ ಬಾಗಲಗುಂಟೆಯಲ್ಲಿ. ಮನೆಯೊಳಗೆ ನಾನು 'ಹೊಂಟೀನಿ' ಎನ್ನುತ್ತಿದ್ದೆ, ಬಾಗಿಲು ದಾಟಿದ ಕೂಡಲೇ 'ಹೋಗ್ತಿದ್ದೀನಿ' ಎನ್ನುತ್ತಿದ್ದೆ. ಮೂರನೇ ಕ್ಲಾಸಿನಿಂದ ಇದೇ ನಡೆದುಬಂದಿತ್ತು. ನನ್ನನ್ನು ಯಾರೂ ಹಿಡಿದಿರಲಿಲ್ಲ ಎಂಬ ಜಂಭವೂ ಇತ್ತು.

ಯಲಹಂಕ ಹಳೇ ಊರಿನ ಸ್ಟಾಪಿನಲ್ಲಿ ಬಸ್ಸು ಇಪ್ಪತ್ತು ನಿಮಿಷ ಕಾಯಿಸಿತು. ಹತ್ತಿದ ಮೇಲೆ ಕಂಡಕ್ಟರು, 'ಒಳಗ ನಡೀರಿ, ಒಳಗ ಜಾಗಾ ಐತ್ರಿ! ಕಾರ್ಡ್ ತೋರಸ್ರೀ ಅಕ್ಕಾರ' ಎಂದು ಕೂಗುತ್ತ ಬಂದರು. ನನ್ನ ಆಧಾರ್ ಕಾರ್ಡು ನೋಡಿ ಹೆಂಗಸರ ಉಚಿತ ಟಿಕೆಟ್ಟು ಹರಿದುಕೊಟ್ಟರು. ನಮ್ಮ ಕಡೆಯ ಆ ಮಾತಿಗೆ ಬಸ್ಸಿನಲ್ಲಿ ಒಬ್ಬರೂ ನಗಲಿಲ್ಲ, ಎಲ್ಲರೂ ಸುಮ್ಮನೆ ಒಳಗೆ ನಡೆದರು. ಇಷ್ಟು ಸುಲಭದ್ದನ್ನು ನಾನು ಯಾಕೆ ಅಷ್ಟು ದೊಡ್ಡದು ಮಾಡಿಕೊಂಡಿದ್ದೆನೋ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಜಕ್ಕೂರು, ಬ್ಯಾಟರಾಯನಪುರ ದಾಟಿ ಕೊಡಿಗೇಹಳ್ಳಿ ಗೇಟಿನ ಸಿಗ್ನಲ್ಲಿನಲ್ಲಿ ಬಸ್ಸು ಐದು ನಿಮಿಷ ನಿಂತಿತು. ನಾನು ಫೋನು ನೋಡುತ್ತಿದ್ದೆ, ತಲೆ ಎತ್ತಲಿಲ್ಲ.

ಹೆಬ್ಬಾಳದಲ್ಲಿ ಇಳಿದು ರಸ್ತೆ ಕೆಲಸದ ಧೂಳು ಕುಡಿಯುತ್ತ ಈ ಕಡೆಯಿಂದ ಆ ಕಡೆಗೆ ದಾಟುವುದೇ ಒಂದು ಯಾತ್ರೆ. ರಿಂಗ್ ರೋಡಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಗೊರಗುಂಟೆಪಾಳ್ಯ ತಲುಪಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ನಾನು ಒಂಬತ್ತನೇ ಕ್ಲಾಸಿನಲ್ಲೇ ಇದ್ದೆ.

ರೇಣುಕಾ ಆ ವರ್ಷ ವಿಜಯಪುರದ ಕಡೆಯ ಹಳ್ಳಿಯಿಂದ ಬಂದು ನಮ್ಮ ಕ್ಲಾಸಿಗೆ ಸೇರಿದ್ದಳು. ಮೊದಲ ವಾರವೇ ಗಣಿತದ ಪಿರಿಯಡ್ಡಿನಲ್ಲಿ ಎದ್ದು ನಿಂತು, 'ಸರ್, ನನಗ ತಿಳೀಲಿಲ್ರಿ. ಇನ್ನೊಮ್ಮಿ ಹೇಳ್ರಿ' ಎಂದಳು. ಇಡೀ ಕ್ಲಾಸು ಗೊಳ್ಳೆಂದಿತು. ನಿಜ ಹೇಳಬೇಕೆಂದರೆ ಆ ಲೆಕ್ಕ ಅಲ್ಲಿ ಯಾರಿಗೂ ತಿಳಿದಿರಲಿಲ್ಲ, ಕೇಳುವ ಧೈರ್ಯ ಇದ್ದವಳು ಅವಳೊಬ್ಬಳೇ. ಮರುವಾರ ಸಂಜೆ ತರಕಾರಿ ಗಾಡಿಯ ಹತ್ತಿರ ನಾನು ಅವ್ವನ ಜೊತೆ 'ದಿನಾ ಬದನಿಕಾಯಿ ಯಾಕಬೇ' ಎಂದು ಜಗಳ ಆಡುತ್ತಿದ್ದೆ. ತಿರುಗಿದರೆ ಹಿಂದೆಯೇ ರೇಣುಕಾ ನಿಂತಿದ್ದಳು. ಅವಳ ಮುಖ ಅರಳಿತ್ತು. 'ನೀವೂ ನಮ್ಮ ಕಡೇವ್ರೇನ?' ಎಂದಳು. 'ಇಲ್ಲಪ್ಪ, ನಾವು ಇಲ್ಲಿಯವ್ರೇ' ಎಂದು ನಾನು ಅವ್ವನ ಕೈ ಹಿಡಿದು ಎಳೆದುಕೊಂಡು ಬಂದೆ. ಅವ್ವ ಕೈ ಬಿಡಿಸಿಕೊಂಡು ಮುಂದೆ ನಡೆದಳು.

ಇವಳು ಎಲ್ಲರಿಗೂ ಹೇಳಿಬಿಟ್ಟರೆ ಎಂಬ ಹೆದರಿಕೆ ಅಂದಿನಿಂದ ಹತ್ತಿಕೊಂಡಿತು. ನವೆಂಬರಿನಲ್ಲಿ ಮಕ್ಕಳ ದಿನಾಚರಣೆ ಬಂತು. ನಾನು ಸ್ಟೇಜು ಹತ್ತಿ ಮಿಮಿಕ್ರಿ ಮಾಡಿದೆ. ಹೆಡ್ಮಾಸ್ಟರ್, ಪಿ.ಟಿ. ಮೇಷ್ಟ್ರು, ಕೊನೆಗೆ ರೇಣುಕಾ. 'ನನಗ ತಿಳೀಲಿಲ್ರಿ' ಎಂದು ಕತ್ತು ಕೊಂಕಿಸಿ ಎಳೆದು ಹೇಳಿದ್ದಕ್ಕೆ ಶಿಳ್ಳೆ ಬಿದ್ದವು. ಒಂದಲ್ಲ, ಹತ್ತು ವಾಕ್ಯ ಹೇಳಿದೆ. ಎಷ್ಟು ಕರೆಕ್ಟಾಗಿ ಬರುತ್ತೆ ಮಗಾ ನಿನಗೆ ಎಂದು ಹುಡುಗರು ಬೆನ್ನು ತಟ್ಟಿದರು. ಬಾರದೆ ಏನು? ಅದು ನನ್ನ ಅವ್ವನ ಮಾತು. ರೇಣುಕಾ ಎರಡನೇ ಸಾಲಿನಲ್ಲಿ ನೇರ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳು ಅಲ್ಲೇ ಎದ್ದು ಒಂದು ಮಾತು ಹೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಅವಳು ಹೇಳಲಿಲ್ಲ. ಆಮೇಲೆ ಕ್ಲಾಸಿನಲ್ಲಿ ಏನನ್ನೂ ಕೇಳಲೂ ಇಲ್ಲ. ಹತ್ತನೇ ಕ್ಲಾಸಿನಲ್ಲಿ ಗಣಿತದಲ್ಲಿ ಫೇಲಾದಳು. ಲಿಸ್ಟಿನಲ್ಲಿ ಅವಳ ನಂಬರು ಹುಡುಕಿದವರಲ್ಲಿ ನಾನೂ ಒಬ್ಬಳು. ಇಲ್ಲವೆಂದು ಗೊತ್ತಾದ ಮೇಲೆ ನಾನು ಸೀದಾ ಮನೆಗೆ ಬಂದು ಸಿಹಿ ತಿಂದೆ.

ಗೊರಗುಂಟೆಪಾಳ್ಯದಿಂದ ದಾಸರಹಳ್ಳಿಗೆ ಮೆಟ್ರೋ ಹತ್ತಿದೆ. ಮೆಟ್ರೋದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ರೇಟು, ಆದರೆ ಹತ್ತು ನಿಮಿಷದಲ್ಲಿ ತಲುಪಿಸುತ್ತದೆ. ಮೇಲಿನಿಂದ ಪೀಣ್ಯದ ಶೀಟಿನ ಛಾವಣಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅದರಲ್ಲಿ ಯಾವುದೋ ಒಂದರ ಕೆಳಗೆ ಅಪ್ಪ ಇದ್ದರು. ದಾಸರಹಳ್ಳಿಯಲ್ಲಿ ಆಟೋದವನು ಬಾಗಲಗುಂಟೆಗೆ ಎಂಬತ್ತು ಎಂದ. 'ಮಿನಿಮಮ್ ಮೂವತ್ತಾರಲ್ವಾ?' ಎಂದೆ. 'ಟ್ರಾಫಿಕ್ ನೋಡಿ ಮೇಡಂ' ಎಂದ. ಸಿಟ್ಟಿನಲ್ಲಿ ನಡೆದೇ ಹೋದೆ. ಮನೆಯ ಬೀದಿಯನ್ನು ಬೇಕೆಂದೇ ತಪ್ಪಿಸಿದೆ. ಮನೆಗೆ ಹೋದರೆ ಯಾಕೆ ಬಂದೆ ಎಂದು ಅವ್ವನಿಗೆ ಹೇಳಬೇಕಾಗುತ್ತಿತ್ತು.

ಶಾಲೆಯಲ್ಲಿ ಶನಿವಾರದ ಬೆಳಗಿನ ಕ್ಲಾಸು ಮುಗಿಯುತ್ತಾ ಬಂದಿತ್ತು. ಹತ್ತನೇ ಕ್ಲಾಸಿನವರಿಗೆ ಪರೀಕ್ಷೆ ಹತ್ತಿರವಾದ್ದರಿಂದ ಅವರನ್ನು ಬಿಟ್ಟಿರಲಿಲ್ಲ. ನಮಗೆ ಗಣಿತ ಕಲಿಸಿದ ಮೇಷ್ಟ್ರು ನಿವೃತ್ತರಾಗಿದ್ದರು. ಕನ್ನಡದ ಗಿರಿಜಾ ಮಿಸ್ ಸ್ಟಾಫ್ ರೂಮಿನಲ್ಲಿ ಪೇಪರು ತಿದ್ದುತ್ತಿದ್ದರು. ನನ್ನನ್ನು ನೋಡಿ, 'ಏನಮ್ಮಾ, ಮಿಮಿಕ್ರಿ ಇನ್ನೂ ಮಾಡ್ತೀಯಾ?' ಎಂದರು. ಅವರಿಗೆ ಅದೊಂದೇ ನೆನಪಿತ್ತು. ಅವರ ಮುಖದಲ್ಲಿ ಮೆಚ್ಚುಗೆ ಇದ್ದದ್ದು ಕಂಡು ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

'ಇಲ್ಲ ಮಿಸ್. ರೇಣುಕಾ ಎಲ್ಲಿದ್ದಾಳೆ ಅಂತ ಗೊತ್ತಾ ನಿಮಗೆ?' ಎಂದೆ.

'ರೇಣುಕಾನಾ? ಹೋದ ವರ್ಷ ಅದೇನೋ ಸರ್ಟಿಫಿಕೇಟ್ ಬೇಕು ಅಂತ ಬಂದಿದ್ಲು. ಸಪ್ಲಿಮೆಂಟರೀಲಿ ಮ್ಯಾತ್ಸ್ ಪಾಸ್ ಮಾಡ್ಕೊಂಡ್ಳಲ್ಲ, ಈಗ ಮನೇಲೇ ಓದ್ಕೊಂಡು ಡಿಗ್ರಿ ಕಟ್ಟಿದ್ದಾಳಂತೆ. ಅವರಮ್ಮ ಕೊಡಿಗೇಹಳ್ಳಿಲಿ ರೊಟ್ಟಿ ಖಾನಾವಳಿ ಹಾಕ್ಕೊಂಡಿದ್ದಾರೆ. ಗೇಟಿಂದ ಒಳಗೆ ಹೋದ್ರೆ ಆಲದ ಮರದ ಎದುರಿಗೇ ಅಂದ್ಲು.'

ಕೊಡಿಗೇಹಳ್ಳಿ. ಹಾಸ್ಟೆಲ್ಲಿನಿಂದ ಮನೆಗೆ, ಮನೆಯಿಂದ ಹಾಸ್ಟೆಲ್ಲಿಗೆ, ವಾರಕ್ಕೆರಡು ಸಲ ನಾನು ಆ ಗೇಟಿನ ಮುಂದೆ ಹಾದುಹೋಗುತ್ತಿದ್ದೆ. ಇವತ್ತು ಬೆಳಿಗ್ಗೆಯೂ ಹಾದುಬಂದಿದ್ದೆ. ಹುಡುಕುವ ಮನಸ್ಸಿದ್ದರೆ ಎಂದೋ ಸಿಗುತ್ತಿದ್ದಳು. ಬಂದ ದಾರಿಯಲ್ಲೇ ವಾಪಸ್ಸು ಹೊರಟೆ. ಮೆಟ್ರೋ, ರಿಂಗ್ ರೋಡು, ಹೆಬ್ಬಾಳದ ಧೂಳು ಎಲ್ಲ ಮತ್ತೊಮ್ಮೆ ಆಯಿತು. ಕೊಡಿಗೇಹಳ್ಳಿ ಗೇಟಿನಲ್ಲಿ ಇಳಿದಾಗ ಒಂದೂವರೆ ಗಂಟೆ. ಬಿಸಿಲು ನೆತ್ತಿ ಸುಡುತ್ತಿತ್ತು.

ಒಳಗೆ ಹೋದಂತೆ ಗಾಜಿನ ಕಟ್ಟಡಗಳ ನಡುವೆ ಹಂಚಿನ ಮನೆಗಳು ಕಾಣಿಸತೊಡಗಿದವು. ದಾರಿ ಕೇಳಿದರೆ, ಜಗಲಿ ಮೇಲೆ ಕೂತಿದ್ದ ತಾತ, 'ರೊಟ್ಟಿ ಓಟ್ಲಾ? ಇಂಗೇ ಓಗಿ ಎಡಕ್ಕೆ ತಿರೀಕಳಮ್ಮ' ಎಂದರು. ಖಾನಾವಳಿಗೆ ಆರು ಟೇಬಲ್ಲು, ಹೊರಗೆ ಕಾಯುವವರ ಸಾಲು. ಕುತ್ತಿಗೆಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡ ಹುಡುಗರೇ ಹೆಚ್ಚಿದ್ದರು. ಅವರೆಲ್ಲ ಗಂಟಲು ಬಿಚ್ಚಿ 'ರೊಟ್ಟಿ ತರ್ರೀ', 'ಝುಣಕಾ ಖಾಲಿ ಆತೇನ್ರೀ' ಎಂದು ನಮ್ಮ ಮಾತಿನಲ್ಲೇ ಕೂಗುತ್ತಿದ್ದರು. ಗಲ್ಲಾದ ಹಿಂದೆ ಕೂತ ಹುಡುಗಿ 'ಎರಡು ನಿಮಿಷ ಗುರು, ಬಿಸಿ ರೊಟ್ಟಿ ಬರ್ತಿದೆ' ಎನ್ನುತ್ತಿದ್ದಳು. ಅವಳೇ ರೇಣುಕಾ. ಐದು ವರ್ಷದಲ್ಲಿ ಕನ್ನಡಕ ಬಂದಿತ್ತು, ಮುಖ ಸ್ವಲ್ಪ ತುಂಬಿಕೊಂಡಿತ್ತು.

ಏನು ಹೇಳಬೇಕೆಂದು ಮೆಟ್ರೋದಲ್ಲೇ ತೀರ್ಮಾನಿಸಿದ್ದೆ. ಕ್ಷಮೆಯನ್ನು ಬೆಂಗಳೂರು ಮಾತಿನಲ್ಲಿ ಕೇಳಬಾರದು, ಅಂದು ಮುಚ್ಚಿಟ್ಟ ಮಾತಿನಲ್ಲೇ ಕೇಳಬೇಕು. ಎದುರಿಗೆ ನಿಂತು, 'ಹೆಂಗದೀ ರೇಣುಕಾ? ನನ್ನ ಗುರ್ತು ಸಿಕ್ತೇನ?' ಎಂದೆ.

ಅವಳು ತಲೆ ಎತ್ತಿದಳು. ಗುರುತು ಹಿಡಿದದ್ದು ಕಣ್ಣಲ್ಲೇ ಗೊತ್ತಾಯಿತು. ಆಮೇಲೆ ಅವಳ ಮುಖ ಬಿಗಿದುಕೊಂಡಿತು.

'ಇನ್ನೂ ಬಿಟ್ಟಿಲ್ವೇನೇ ಅದನ್ನ?' ಎಂದಳು. 'ಇಲ್ಲಿವರೆಗೂ ಬಂದು ಆಡ್ಕೋಬೇಕಾ?'

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವಳು ಕೇಳಲೆಂದೇ ನಾನು ನಮ್ಮ ಮಾತು ಆಡಿದ್ದು ಆ ಸ್ಟೇಜಿನ ಮೇಲೆ ಮಾತ್ರ. ನಾನು ಮತ್ತೆ ಮಿಮಿಕ್ರಿ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು.

'ಇಲ್ಲ ಕಣೇ, ಆಡ್ಕೊಳ್ತಿಲ್ಲ. ಇದು ನಮ್ಮನೆ ಮಾತು' ಎಂದೆ. ಗಾಬರಿಯಲ್ಲಿ ನನ್ನ ಬಾಯಿ ಬೆಂಗಳೂರಿಗೆ ತಿರುಗಿತ್ತು.

'ಗೊತ್ತು. ತರಕಾರಿ ಗಾಡಿ ಹತ್ರಾನೇ ಗೊತ್ತಾಯ್ತಲ್ಲ' ಎಂದು ಅವಳು ಒಬ್ಬರಿಗೆ ಚಿಲ್ಲರೆ ಕೊಟ್ಟಳು.

'ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?'

'ಹೇಳಿದ್ರೆ ನಿನ್ನೂ ನೋಡಿ ನಗ್ತಿದ್ರು. ನಾನೊಬ್ಳು ಸಾಲ್ತಿರ್ಲಿಲ್ವಾ?'

ಗಲ್ಲಾದ ಮುಂದೆ, ಊಟ ಮುಗಿಸಿ ಕ್ಯೂ ನಿಂತವರ ನಡುವೆ, ತಪ್ಪಾಯಿತು ಎಂದೆ.  ಅವಳು ಪರವಾಗಿಲ್ಲ ಎನ್ನಲಿಲ್ಲ. ಎನ್ನುತ್ತಾಳೆಂದು ಒಳಗೊಳಗೇ ನಂಬಿಕೊಂಡು ಬಂದಿದ್ದೆ ಎಂದು ಆಗ ತಿಳಿಯಿತು. 'ಕೂತ್ಕೋ, ಊಟ ಮಾಡು. ರಶ್ ಕಮ್ಮಿ ಆಗ್ಲಿ' ಎಂದಳು.

ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಂದವು. ಬಡಿಸಿದವರು ಅವಳ ಅವ್ವ. 'ಯಾವೂರಾಕಿ ಯವ್ವಾ ನೀನು?' ಎಂದು ಕೇಳಿದರು. 'ಬಾದಾಮಿ ಕಡೇವ್ರು ರೀ' ಎಂದೆ. ಒಂಬತ್ತನೇ ಕ್ಲಾಸಿನಲ್ಲಿ ಕೊಡಬೇಕಿದ್ದ ಉತ್ತರ. ರೇಣುಕಾ ಕೇಳಿಸಿಕೊಂಡಳು, ಇತ್ತ ನೋಡಲಿಲ್ಲ. 'ಮತ್ತ ನಮ್ಮಾಕೀನ ಅದಿ! ಇನ್ನೊಂದು ರೊಟ್ಟಿ ಹಾಕಸ್ಕೋ' ಎಂದು ಅವರು ತಟ್ಟೆಗೆ ಹಾಕಿದರು. ರೊಟ್ಟಿ ಚೆನ್ನಾಗಿತ್ತು. 

ಎರಡೂವರೆಗೆ ಜನ ಕರಗಿದರು. ರೇಣುಕಾ ನನ್ನ ಎದುರಿಗೆ ಬಂದು ಕೂತಳು. ನಾನು ಖಾಲಿ ಹಾಳೆಯ ಕಥೆ ಹೇಳಿದೆ. 'ನಿನ್ನನ್ನ ಕೇಳಿದ್ರೆ ಏನ್ ಬರೀತಿದ್ದೆ? ಆಗಿನ ರೇಣುಕಾಗೆ ಏನು ಬುದ್ಧಿ ಹೇಳ್ತೀಯಾ?' ಎಂದೆ.

'ಅವಳಿಗ್ಯಾಕೆ ಬುದ್ಧಿ ಹೇಳ್ಬೇಕು?' ಎಂದಳು ಥಟ್ಟನೆ. 'ಅವಳೇನ್ ತಪ್ಪು ಮಾಡಿದ್ಲು? ಗೊತ್ತಾಗಿಲ್ಲ, ಇನ್ನೊಂದ್ಸಲ ಹೇಳಿ ಅಂದ್ಲು ಅಷ್ಟೇ.'

ನನ್ನ ತಟ್ಟೆ ಬದಿಗೆ ಸರಿಸಿ ಅವಳೇ ಮುಂದುವರಿಸಿದಳು. 'ಹತ್ತನೇ ಕ್ಲಾಸಲ್ಲಿ ರೂಮಿನ ಬಾಗ್ಲು ಹಾಕ್ಕೊಂಡು ಪ್ರ್ಯಾಕ್ಟೀಸ್ ಮಾಡ್ತಿದ್ದೆ. ಮಾಡ್ತೀನಿ, ಹೋಗ್ತೀನಿ, ಬರ್ತೀನಿ ಅಂತ. ಗಣಿತ ಮಾಡೋ ಟೈಮಲ್ಲಿ ಅದನ್ನ ಮಾಡ್ದೆ. ಈಗ ಅಮ್ಮನ ಹತ್ರಾನೂ ಹಿಂಗೇ ಬರುತ್ತೆ. ಊರಿಗೆ ಹೋದ್ರೆ ನಮ್ಮಜ್ಜಿ ನನ್ನ ಬೆಂಗಳೂರಾಕಿ ಅಂತ ಕರೀತಾಳೆ. ವಾಪಸ್ ಆ ಥರ ಮಾತಾಡೋಕೆ ಹೋದ್ರೆ ನಂಗೇ ಮಿಮಿಕ್ರಿ ಮಾಡ್ದಂಗಾಗುತ್ತೆ ಕಣೇ.'

 ಗಣಿತವನ್ನು ಅವಳು ಮತ್ತೆ ಬರೆದು ಪಾಸು ಮಾಡಿಕೊಂಡಿದ್ದಳು. ಇದಕ್ಕೆ ಸಪ್ಲಿಮೆಂಟರಿ ಇರಲಿಲ್ಲ. ಊಟದ ದುಡ್ಡು ಕೊಡಲು ಹೋದೆ, ಬಿಲಕುಲ್ ತೆಗೆದುಕೊಳ್ಳಲಿಲ್ಲ. ಫೋನ್ ನಂಬರು ಕೇಳಿದೆ. 'ಖಾನಾವಳಿ ಎಲ್ಲಿದೆ ಅಂತ ಗೊತ್ತಾಯ್ತಲ್ಲ' ಎಂದಳು. ಬರಬೇಡ ಎಂದು ಹೇಳಿದಳೋ, ಬಾ ಎಂದಳೋ ನನಗೆ ಇಂದಿಗೂ ತಿಳಿದಿಲ್ಲ. ಬೀದಿಯ ತುದಿಯಲ್ಲಿ ತಿರುಗಿ ನೋಡಿದಾಗ ಅವಳು ಟೇಬಲ್ಲು ಒರೆಸುತ್ತಿದ್ದಳು.

ಯಲಹಂಕದ ಬಸ್ಸು ಕಿಕ್ಕಿರಿದಿತ್ತು. ಕಂಬ ಹಿಡಿದು ನಿಂತೆ. ಬ್ಯಾಟರಾಯನಪುರ ದಾಟುತ್ತಿದ್ದಂತೆ ಅವ್ವನ ಫೋನು ಬಂತು. ಬೆಳಿಗ್ಗೆ ಆಮೇಲೆ ಮಾಡುತ್ತೇನೆ ಎಂದವಳು ಮಾಡಿರಲಿಲ್ಲ. ಎಡಕ್ಕೆ ಕಾಲೇಜು ಹುಡುಗರ ಗುಂಪು, ಬಲಕ್ಕೆ ಒಬ್ಬ ಹೆಂಗಸು, ಅವರ ಮೊಣಕೈ ನನ್ನ ಪಕ್ಕೆಗೆ ತಾಗುತ್ತಿತ್ತು.

'ಹೇಳಬೇ ಯವ್ವಾ' ಎಂದೆ, ಸ್ವಲ್ಪ ಗಟ್ಟಿಯಾಗಿಯೇ. 'ಊಟ ಆತು. ರೊಟ್ಟಿ ಉಂಡೆ, ಎಣ್ಣಿಗಾಯಿ ಭಾಳ ಛಲೋ ಇತ್ತು. ಈಗ ಬಸ್ಸಿನ್ಯಾಗ ಅದೀನಿ, ಹಾಸ್ಟೆಲ್ಲಿಗೆ ಹೊಂಟೀನಿ.'

 ಅತ್ತ ಕಡೆಯಿಂದ ಅವ್ವ ಕಾಳಜಿಯಿಂದ ಕೇಳಿದಳು.

'ಬಸ್ಸಿನ್ಯಾಗ ಒಬ್ಬಾಕೀನ ಅದೀ ಏನ? ಬಾಜೂಕ ಯಾರೂ ಇಲ್ಲೇನ?'