ಒಂದೇ ಬ್ರೇಕರ್, ಇಡೀ ಮನೆ, ಅಕ್ಕನ ಇಂಟರ್‌ವ್ಯೂ

ಮಹಾಜನಗಳೇ, ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಮನೆಯಲ್ಲಿ ಇಂದು ನಡೆದ ದುರ್ಘಟನೆಯನ್ನು ಅತ್ಯಂತ ಗಂಭೀರವಾಗಿ ನಿವೇದಿಸುತ್ತಿದ್ದೇನೆ. ನಮ್ಮ ಕೆಳಮಹಡಿಯ ಪ್ಲಗ್ಗುಗಳೆಲ್ಲ, ವೈಫೈ ಸಮೇತ, ಒಂದೇ ಬ್ರೇಕರ್‌ಗೆ ಜೋತುಬಿದ್ದಿವೆ. ಅಮ್ಮ ದೋಸೆಗೆ ಗ್ರೈಂಡರ್ ಹಾಕಿದ್ದಳು, ಪಕ್ಕದ ಇಂಡಕ್ಷನ್ ಒಲೆಯಲ್ಲಿ ಸಾರು, ಅಪ್ಪನ ಕಾಲಬುಡದಲ್ಲಿ ಹೀಟರ್. ಹಾಲ್‌ನಲ್ಲಿ ಅಕ್ಕನಿಗೆ ಎಲೆಕ್ಟ್ರಿಕಲ್ ಎಂಜಿನಿಯರ್ ಕೆಲಸದ ಆನ್‌ಲೈನ್ ಇಂಟರ್‌ವ್ಯೂ. ಎಲ್ಲ ಲೋಡನ್ನೂ ಒಂದೇ ಸರ್ಕ್ಯೂಟ್ ಮೇಲೆ ಹೇರಬಾರದು ಅಂತ ಅವಳು ವಿವರಿಸುತ್ತಿದ್ದಾಗಲೇ ನಾನು ಚಹಾಕ್ಕೆ ಕೆಟಲ್ ಸ್ವಿಚ್ ಒತ್ತಿದೆ. ಟಪ್! ಬ್ರೇಕರ್ ಬಿದ್ದು ಕರೆಂಟ್, ವೈಫೈ ಎರಡೂ ಹೋದವು.

"ಯಾರೋ ಅದು ಕೆಟಲ್ ಹಾಕಿದ್ದು?" ಹಾಲ್‌ನಿಂದ ಅಕ್ಕ ಕಿರುಚಿದಳು.

"ಅಪ್ಪ ಹಾಕಿದ್ದು," ಎಂದೆ, ಬಹಳ ವಿನಯದಿಂದ.

ಅಕ್ಕ ಫೋನ್‌ನಲ್ಲಿ ಮತ್ತೆ ಸೇರಿಕೊಂಡು ನಡೆದದ್ದನ್ನು ಹೇಳಿದಳು. ಇಂಟರ್‌ವ್ಯೂ ಮಾಡುತ್ತಿದ್ದವರು ಬಿದ್ದು ಬಿದ್ದು ನಕ್ಕು ಎರಡನೇ ಸುತ್ತಿಗೆ ಕರೆದಿದ್ದಾರೆ. ಎರಡನೇ ಸುತ್ತಿನ ದಿನ ಮನೆಮಂದಿಗೆಲ್ಲ ಅವಲಕ್ಕಿ ಮೊಸರು ಅಂತ ಅಮ್ಮನ ಘೋಷಣೆ. ಅವಲಕ್ಕಿ ನೆನೆಯೋಕೆ ಕರೆಂಟ್ ಬೇಡವಲ್ಲ.