ಗೋಪಾಳರಾಯರ ಸೈಡ್‌ಚೈನ್

ಗೋಪಾಳರಾಯರು ತಾವು ಮಾಡಿದ ರೆಕಾರ್ಡಿಂಗನ್ನು ಸ್ಪೀಕರಿಗೆ ಬೆನ್ನು ಹಾಕಿ ಕೇಳುತ್ತಿದ್ದರು. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಗದ್ದವನ್ನು ಎದೆಗೆ ಹಚ್ಚಿ ಕೂತುಬಿಡುವರು. ಹೊಸಬರು ನೋಡಿದರೆ ಯಾರ ಮೇಲೋ ಮುನಿಸಿಕೊಂಡಿದ್ದಾರೆ ಎಂದುಕೊಳ್ಳಬೇಕು. ಯಾಕೆ ಹೀಗೆ ಎಂದು ಕೇಳಿದರೆ, “ಎದುರಿಗೆ ಕೂತ್ರ ಮಶೀನಿನ ಮುಳ್ಳು ಕಾಣಸ್ತದರಿ. ಮುಳ್ಳು ನೋಡಲಿಕ್ಕೆ ಹತ್ತಿದ್ರ ಕಿವಿ ಕೆಲಸಾ ಬಿಡ್ತದ” ಎನ್ನುವರು.

ಪುಣೆಯ ಕೊಂಢವಾದಲ್ಲಿ ಒಂದು ಟೈಲ್ಸ್ ಅಂಗಡಿಯ ಹಿಂದೆ, ತಮ್ಮ ಮನೆಯ ಕೆಳಗಿನ ಎರಡು ಕೋಣೆಗಳಲ್ಲಿ ಅವರು ಸ್ಟುಡಿಯೋ ಮಾಡಿಕೊಂಡಿದ್ದರು. ಬಾಗಲಕೋಟೆ ಕಡೆಯ ಮನುಷ್ಯ. ಪುಣೆಗೆ ಬಂದು ಯಾವ ಕಾಲವಾಗಿದ್ದರೂ ಮಾತು ಮಾತ್ರ ಅಲ್ಲಿಯದೇ. ಅದು ತೊಂಬತ್ತರ ದಶಕ, ಕ್ಯಾಸೆಟ್ಟುಗಳ ಕಾಲ. ಭಜನೆ, ಕೀರ್ತನೆ, ಬೀಜ-ಗೊಬ್ಬರದ ಜಾಹೀರಾತು ಎಲ್ಲವೂ ಅವರಲ್ಲಿಗೆ ಬರುತ್ತಿದ್ದವು. ನಾನು ಧಾರವಾಡದಿಂದ ಮದುವೆಯಾಗಿ ಬಂದು ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಗಡಿಯಾಚೆಯ ರೈತರಿಗೆ ಕನ್ನಡದಲ್ಲಿ ಜಾಹೀರಾತು ಓದಲು ಹೆಂಗಸಿನ ದನಿ ಬೇಕಾಗಿತ್ತು. ರಾಯರ ಹೆಂಡತಿ ಸುಶೀಲಾಬಾಯಿ ಯಾರದೋ ಮನೆಯ ಅರಿಷಿಣ-ಕುಂಕುಮದಲ್ಲಿ ನನ್ನ ಮಾತು ಕೇಳಿ, ಮರುದಿನವೇ ಕರೆದುಕೊಂಡು ಹೋಗಿ ಮೈಕಿನ ಮುಂದೆ ಕೂರಿಸಿದರು.

ಆವತ್ತು ನಾನು ಓದಿದ್ದು ಕಬ್ಬಿನ ಗೊಬ್ಬರದ ಜಾಹೀರಾತು. ಸಸಿ, ಸಕ್ಕರೆ, ಸೊಗಸಾದ ಫಸಲು. ಕೇಳಿದರೆ ಒಂದೊಂದು ‘ಸ’ಕಾರವೂ ಸೂಜಿಯ ಹಾಗೆ ಚುಚ್ಚುತ್ತಿತ್ತು. ನನಗೆ ನಾಚಿಕೆಯಾಗಿ, “ನನ್ನ ದನಿ ಇದಕ್ಕ ಬರೂದಿಲ್ಲ ಬಿಡ್ರಿ” ಎಂದೆ.

“ದನೀಗೇನಾಗೇದರಿ? ಇಲ್ನೋಡ್ರಿ. ಈ ಕಂಪ್ರೆಸರ್ ಏನ್ ಮಾಡ್ತದ, ದನಿ ಭಾಳ ಏರಿದ್ರ ಅದನ್ನ ಒತ್ತಿ ತಗ್ಗಸ್ತದ. ಯಾವಾಗ ಒತ್ತಬೇಕು ಅಂತ ತಿಳೀಲಿಕ್ಕೆ ಇದಕ್ಕೂ ಒಂದು ಕಿವಿ ಅದ. ಆ ಕಿವೀಗೆ ಹೋಗೋ ದಾರಿಗೆ ಸೈಡ್‌ಚೈನ್ ಅಂತಾರ. ಆ ದಾರ್ಯಾಗ ನಾ ಒಂದು ಈಕ್ವಲೈಜರ್ ಇಟ್ಟು, ‘ಸ’ ಅಷ್ಟ ಜೋರ್ ಮಾಡಿ ಇದಕ್ಕ ಕೇಳಸ್ತೀನಿ. ಆಗ ಇದು ‘ಸ’ ಬಂದಾಗಷ್ಟ ಒತ್ತತದ. ಬ್ಯಾರೆ ಅಕ್ಷರದ ತಂಟೇಕ್ಕ ಹೋಗೂದಿಲ್ಲ. ಆ ಜೋರು ಮಶೀನಿಗೆ ಕೇಳಸ್ತದ, ಕ್ಯಾಸೆಟ್ ಕೇಳೋರಿಗಲ್ಲ.”

ಇನ್ನೊಮ್ಮೆ ಹಚ್ಚಿದರು. ದನಿ ನನ್ನದೇ, ಚುಚ್ಚುವುದು ಮಾತ್ರ ಇರಲಿಲ್ಲ. ಮುಂದೆ ಎಷ್ಟೋ ವರ್ಷ ನಾನು ಅಲ್ಲಿಗೆ ಓದಲು ಹೋದೆ.

ಸಾಸವಡದಿಂದ ಒಂದು ಹೆಣ್ಣುಮಕ್ಕಳ ಭಜನಾ ಮಂಡಳಿ ಬಂದದ್ದು ನೆನಪಿದೆ. ಮುಖ್ಯ ದನಿ ಒಬ್ಬ ಮುದುಕಿಯದು. ಹಾಡಿ ಮುಗಿಸಿ, ಎಲ್ಲ ಸೇರಿಸಿದ್ದನ್ನು ಕೇಳಿದರೆ, ಪಖವಾಜಿನ ಪ್ರತಿ ಗುಮುಕಿಗೂ ಆಕೆಯ ದನಿ ಕುಸಿದು ಮತ್ತೆ ಏಳುತ್ತಿತ್ತು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ದನಿ ಹೋಯಿತು, ಇನ್ನು ಸೊಸೆ ಹಾಡಲಿ ಎಂದು ಮರಾಠಿಯಲ್ಲಿ ಹೇಳಿ ಎದ್ದೇಬಿಟ್ಟಳು. ರಾಯರು ಗೋಡೆಯ ಕಡೆಯಿಂದ ತಿರುಗಿ, “ಥಾಂಬಾ ಆಜೀ, ಚೂಕ್ ಮಾಝೀ ಆಹೆ” ಎಂದರು. ನಿಲ್ಲಿರಿ ಅಜ್ಜಿ, ತಪ್ಪು ನನ್ನದು ಎಂದು. ಪಖವಾಜಿನ ಗುಮುಕನ್ನು ಕೇಳಿ ಬೆದರಿದ ಕಂಪ್ರೆಸರು ಅದರ ಜೊತೆಗೆ ಹಾಡನ್ನೂ ಒತ್ತುತ್ತಿತ್ತು. ರಾಯರು ಸೈಡ್‌ಚೈನಿನ ಈಕ್ವಲೈಜರಿನಲ್ಲಿ ಆ ದಪ್ಪ ನಾದವನ್ನಷ್ಟೇ ತಗ್ಗಿಸಿದರು. ಪಖವಾಜು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡೇ ಇತ್ತು, ಮಶೀನಿನ ಕಿವಿಗೆ ಮಾತ್ರ ಬೀಳಲಿಲ್ಲ. ಮುದುಕಿಯ ದನಿ ಕುಸಿಯದೆ ಒಂದೇ ಸಮನಾಗಿ ಕೇಳಿಸಿತು. ಆಕೆ ಹೋಗುವಾಗ ರಾಯರ ತಲೆ ಸವರಿ ಹೋದಳು.

ಸುಶೀಲಾಬಾಯಿ ಪ್ರತಿ ಮುಂಜಾನೆ ಕೆಳಗಿಳಿದು ಬಂದು ಮೈಕಿನ ಮುಂದೆ ನಿಂತು ಏನಾದರೂ ಮಾತಾಡಬೇಕು. ರಾಯರು ಅದರ ಮೇಲೆ ಮೈಕು ಸರಿಯಿದೆಯೋ ನೋಡಿಕೊಳ್ಳುವರು. ಆಕೆ ತೊಂಡೆಕಾಯಿ ತುಟ್ಟಿಯಾದದ್ದು, ನಳದಲ್ಲಿ ನೀರು ಬಾರದ್ದು, ರಾಯರು ಸ್ನಾನಕ್ಕೆ ತಡಮಾಡಿದ್ದು ಎಲ್ಲವನ್ನೂ ಹೇಳುತ್ತಿದ್ದರು. ಆಮೇಲೆ ಅದೇ ಟೇಪಿನ ಮೇಲೆ ಬೇರೆಯವರ ಹಾಡು ಬಂದು ಆಕೆಯ ಮಾತು ಅಳಿಸಿಹೋಗುತ್ತಿತ್ತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಒಂದು ಗಣೇಶನ ಹಬ್ಬ ಮುಗಿದ ವಾರದಲ್ಲೇ ಸುಶೀಲಾಬಾಯಿ ಅಡುಗೆಮನೆಯಲ್ಲಿ ಕುಸಿದರು. ಹೃದಯಾಘಾತ ಎಂದರು ಡಾಕ್ಟರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ತಿಂಗಳು ಕಳೆದ ಮೇಲೆ ರಾಯರು ನನಗೆ ಫೋನು ಮಾಡಿದರು. “ಒಮ್ಮೆ ಬಂದು ಹೋಗ್ರಿ ವಿಮಲಾಬಾಯಿ. ಕೇಳೂದದ.”

ಆ ಮಧ್ಯಾಹ್ನ ಹೋದಾಗ ಕೋಣೆಯ ತುಂಬ ಟೇಪುಗಳು ಹರವಿದ್ದವು. ಇಷ್ಟು ವರ್ಷಗಳ ಮಾತಿನಲ್ಲಿ ಉಳಿದದ್ದು ಒಂದೇ ತುಣುಕು. ಅದೂ ಆ ಕೊನೆಯ ಹಬ್ಬದ ದಿನದ್ದು. ಬೀದಿಯಲ್ಲಿ ಢೋಲು-ತಾಶೆಯ ಮೆರವಣಿಗೆ ಹೊರಟಿದ್ದರಿಂದ ಆವತ್ತಿನ ಕೆಲಸ ನಿಲ್ಲಿಸಿ ರಾಯರು ಆ ಟೇಪನ್ನು ಬದಿಗಿಟ್ಟಿದ್ದರು. ಕೇಳಿದೆ. ಢೋಲಿನ ಪ್ರತಿ ಏಟಿಗೂ ಸುಶೀಲಾಬಾಯಿಯ ದನಿ ಮುಳುಗಿ ಹೋಗುತ್ತಿತ್ತು. “ಏನ್ರಿ, ಕೇಳ್ರಿಲ್ಲೆ...” ಎಂಬುದು ಸ್ಪಷ್ಟ. ಆಮೇಲೆ ಚೂರು ಚೂರು.

“ಸಾಸವಡದ ಅಜ್ಜೀದು ಸರಿ ಮಾಡಿದ್ರೆಲ್ಲ, ಹಂಗ ಮಾಡಲಿಕ್ಕೆ ಬರೂದಿಲ್ಲೇನ್ರಿ?”

“ಆಕಿ ಹಾಡು ಮೂಲ ಟೇಪಿನ್ಯಾಗ ನೆಟ್ಟಗಿತ್ತರಿ. ಇದನ್ನ ತುಂಬಿಕೊಳ್ಳೂವಾಗನ ಕಂಪ್ರೆಸರ್ ಒತ್ತೇದ. ಆವತ್ತ ಸೈಡ್‌ಚೈನ್ ಹಚ್ಚಿದ್ರ ಉಳೀತಿತ್ತು.” ರಾಯರು ಟೇಪನ್ನು ಹಿಂದಕ್ಕೆ ಸುತ್ತುತ್ತ, “ಮನ್ಯಾನ ಮಾತು, ಅದಕ್ಕೇನು ಹಚ್ಚೂದು ಅಂತ ಬಿಟ್ಟೆ” ಎಂದರು.

ಅವರು ಹೆಡ್‌ಫೋನನ್ನು ನನ್ನ ಕಡೆ ಚಾಚಿದರು.

“ವಿಮಲಾಬಾಯಿ, ನನ್ನ ಕಿವಿ ಈಗ ಮೊದಲಿನಂಗ ಉಳದಿಲ್ಲ. ಸಣ್ಣ ನಾದ ಹತ್ತೂದಿಲ್ಲ. ಆಕಿ ಅಲ್ಲೆ ‘ಎದಿ’ ಅಂತಾಳ. ಎದಿ ನೋಯತದ ಅಂತ ಹೇಳ್ಯಾಳ ಅನಸ್ತದ. ನಾ ಕೇಳಿಸ್ಕೊಂಡಿಲ್ಲ. ನೀವ ಕೇಳಿ ಹೇಳ್ರಿ.”

ತಿಂಗಳಿಡೀ ಅವರನ್ನು ತಿಂದದ್ದು ಅದು ಎಂದು ಆಗ ತಿಳಿಯಿತು. ಹೆಡ್‌ಫೋನು ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಢೋಲಿನ ಎರಡು ಏಟುಗಳ ನಡುವೆ ಸಿಕ್ಕಿತು. ‘ಎದಿ’ ಅಲ್ಲ, ‘ಎದುರಿನವ್ರು’. ಮುಂದೆ ಒಂದು ಏಟು, ಅದಾದ ಮೇಲೆ ‘ಕಡಬು’. ಎದುರುಮನೆಯವರು ಹಬ್ಬಕ್ಕೆ ಕಡಬು ಕೊಟ್ಟಿದ್ದರು, ಅಷ್ಟೇ.

ಹೇಳಿದೆ. ರಾಯರು ನನ್ನ ಮುಖವನ್ನೇ ನೋಡಿದರು. “ಖರೇನ? ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ.”

“ನಿಮ್ಮಾಣಿ ಖರೇನ್ರಿ. ಕಡಬು ಅಂದದ್ದು ಚೊಲೋತ್ನಾಗಿ ಕೇಳಸ್ತದ.”

ಅವರು ಹೆಡ್‌ಫೋನು ಇಸಿದುಕೊಂಡು ಇನ್ನೊಮ್ಮೆ ಕೇಳಿದರು. ಅವರಿಗೆ ಕೇಳಿಸಲಿಲ್ಲ ಎಂಬುದು ಮುಖದ ಮೇಲೆಯೇ ಇತ್ತು. “ನೀವಂದ್ರ ಹಂಗ ಇರಬೇಕ್ರಿ” ಎಂದು ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುವರ್ಷ ಸ್ಟುಡಿಯೋ ಮುಚ್ಚಿ ಇಂದಾಪುರದ ಮಗಳ ಮನೆಗೆ ಹೋದರು. ಒಂದು ಭಾನುವಾರ ಎಸ್‌ಟಿ ಬಸ್ಸು ಹಿಡಿದು ನೋಡಲು ಹೋದೆ. ಮನೆಯ ಮುಂದೆಯೇ ಕಬ್ಬಿನ ಟ್ರ್ಯಾಕ್ಟರುಗಳು ಅಬ್ಬರಿಸಿಕೊಂಡು ಹೋಗುತ್ತಿದ್ದವು. ಪಡಸಾಲೆಯಲ್ಲಿ ಕೂತಿದ್ದ ರಾಯರು ತಲೆ ಎತ್ತಲಿಲ್ಲ. ಈಗ ಏನೂ ಕೇಳಿಸುವುದಿಲ್ಲ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ ಎಂದಳು ಮಗಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ಮರಾಠಿ.

ನಾನು ಎದುರಿಗೆ ಹೋಗಿ, “ಹೆಂಗಿದ್ದೀರಿ ರಾಯರ?” ಎಂದೆ.

ಅವರು ನನ್ನ ಬಾಯಿಯನ್ನೇ ನೋಡುತ್ತ ಕೂತರು. “ಇನ್ನಷ್ಟು ಮಾತಾಡ್ರಿ. ನಮ್ಮ ಮಾತು ಯಾರದರೆ ತುಟೀ ಮ್ಯಾಲ ನೋಡಿ ಭಾಳ ದಿನ ಆತು.”

ಮಾತಾಡಿದೆ. ಧಾರವಾಡದ ಮಳೆ, ಕಚೇರಿಯ ಹೊಸ ಸಾಹೇಬರು, ನಮ್ಮ ಮನೆಯ ಸೋರುವ ಮಾಳಿಗೆ, ಬಾಯಿಗೆ ಬಂದದ್ದೆಲ್ಲ. ಅವರು ನಡುನಡುವೆ ಹೂಂಗುಟ್ಟುತ್ತ, ಒಂದೆರಡು ಕಡೆ ನಗುತ್ತ ನೋಡುತ್ತಿದ್ದರು. ನನ್ನ ಗಂಟಲು ಒಣಗಿದರೂ ನಿಲ್ಲಿಸಲು ಮನಸ್ಸು ಬರಲಿಲ್ಲ. ಕಡೆಗೆ ಬಸ್ಸಿನ ಹೊತ್ತಾಯಿತೆಂದು ಮಗಳೇ ಎಬ್ಬಿಸಿದಳು. ಬಾಗಿಲಲ್ಲಿ ಬಗ್ಗಿ ಚಪ್ಪಲಿ ಮೆಟ್ಟುತ್ತ, “ಸಂಕ್ರಾಂತಿಗೆ ಮತ್ತ ಬರ್ತೀನ್ರಿ” ಎಂದೆ.

“ಏನಂದ್ರಿ? ಕಾಣಲಿಲ್ಲ.”

ಮುಖವೆತ್ತಿ, ಒಂದೊಂದೇ ಅಕ್ಷರ ಬಿಡಿಸಿ ಮತ್ತೊಮ್ಮೆ ಹೇಳಿದೆ.

“ಹೂಂ, ಬರ್ರಿ” ಎಂದರು.

ಸಂಕ್ರಾಂತಿಗೆ ಮೊದಲೇ ಮಗಳ ಫೋನು ಬಂತು, ರಾಯರು ಹೋದರೆಂದು.