ದೋಣಿ ಪುಸ್ತಕದ ಏಳು ಗೆರೆ

ಯಲ್ಲಮ್ಮನ ಕೈಗೆ ಕಾಗದ ಸಿಕ್ಕಿದರೆ ಅದನ್ನು ಮಡಚದೆ ಬಿಡುತ್ತಿರಲಿಲ್ಲ. ಬಸ್ ಟಿಕೆಟ್ಟು, ಕರೆಂಟ್ ಬಿಲ್ಲು, ಯಾರದೋ ಮನೆಯ ಗೃಹಪ್ರವೇಶದ ಕಾರ್ಡು, ಯಾವುದಾದರೂ ಸರಿ, ಅಂಚಿಗೆ ಅಂಚು ಕೂಡಿಸಿ, ಹೆಬ್ಬೆರಳಿನಿಂದ ತೀಡಿ, ಮೂರು ಸಲ ಮಡಚಿದ ಮೇಲೇ ಕೆಳಗಿಡುವುದು. ಹನುಮಂತನಗರದಲ್ಲಿ ಪಾಪಯ್ಯನವರ ಪ್ರೆಸ್ಸಿನಲ್ಲಿ ಇಪ್ಪತ್ತೈದು ವರ್ಷ ಫಾರಂ ಮಡಚಿದ ಕೈ ಅದು. ಪ್ರೆಸ್ಸು ಮುಚ್ಚಿ ಕತ್ರಿಗುಪ್ಪೆಯ ಮಗಳ ಮನೆ ಸೇರಿದ ಮೇಲೂ ಕೈಗೆ ಮಾತ್ರ ನಿವೃತ್ತಿ ಸಿಕ್ಕಿರಲಿಲ್ಲ.

ಫಾರಂ ಎಂದರೆ ಹದಿನಾರು ಪುಟ ಒಟ್ಟಿಗೆ ಅಚ್ಚಾದ ದೊಡ್ಡ ಹಾಳೆ. ಅದನ್ನು ಮಡಚಿ, ನೂರರ ಕಟ್ಟು ಮಾಡಿ, ಒಂದನೆಯದು, ಎರಡನೆಯದು ಎಂದು ಸಾಲಾಗಿ ಒಟ್ಟುವುದು ಯಲ್ಲಮ್ಮನ ಕೆಲಸ. ಆ ಸಾಲಿನುದ್ದಕ್ಕೂ ನಡೆಯುತ್ತ ರಾಶಿಗೊಂದರಂತೆ ಎತ್ತಿ ಪುಸ್ತಕ ಜೋಡಿಸುವುದು ದುಂಡವ್ವನ ಕೆಲಸ. ದುಂಡವ್ವ ಗೋಕಾಕದ ಕಡೆಯಿಂದ ಗಂಡನ ಜೊತೆ ಬಂದವಳು. ಇಬ್ಬರಿಗೂ ಅಕ್ಷರ ಬರದು, ಅಂಕಿಯೂ ಬರದು. ಅದಕ್ಕೇ ಯಲ್ಲಮ್ಮ ಒಂದು ಉಪಾಯ ಮಾಡಿಕೊಂಡಿದ್ದಳು. ಅಚ್ಚಿನ ಮೊಳೆ ಜೋಡಿಸುವ ವೇಣು ಹಾಳೆ ತಂದುಕೊಟ್ಟು ಇದು ಎಷ್ಟನೆಯದೆಂದು ಬಾಯಲ್ಲಿ ಹೇಳುತ್ತಿದ್ದ. ಅವಳು ಕಟ್ಟಿನ ಮೇಲಿನ ಫಾರಮ್ಮಿನ ಮೂಲೆಗೆ ನೀಲಿ ಪೆನ್ಸಿಲಿನಿಂದ ಅಷ್ಟು ಗೆರೆ ಎಳೆಯುತ್ತಿದ್ದಳು. ದುಂಡವ್ವ ಗೆರೆ ಎಣಿಸಿ ರಾಶಿ ಗುರುತಿಸುತ್ತಿದ್ದಳು. ಓದು ಬರದ ಇಬ್ಬರು ಹೆಂಗಸರು ಊರಿಗೆಲ್ಲ ಪುಸ್ತಕ ಮಾಡಿಕೊಟ್ಟಿದ್ದು ಹೀಗೆ.

ಎಪ್ಪತ್ತೊಂದನೇ ಇಸವಿಯಲ್ಲಿ ಒಂದು ಪತ್ತೇದಾರಿ ಕಾದಂಬರಿ ಬಂತು. ಅದಕ್ಕೊಂದು ಹೆಸರಿತ್ತೇನೋ, ಪ್ರೆಸ್ಸಿನವರಿಗೆ ಅದು ದೋಣಿ ಪುಸ್ತಕ. ಹೊಳೆಯ ಮೇಲೆ ಹೋಗುವ ದೊಡ್ಡ ದೋಣಿ, ಅದರಲ್ಲೊಬ್ಬ ಒಡವೆ ವ್ಯಾಪಾರಿಯ ಕೊಲೆ. ಮಧ್ಯಾಹ್ನದ ಹೊತ್ತು ವೇಣು ಅದನ್ನು ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಓದುವುದು ಸಾಲದೆಂಬಂತೆ ನಟಿಸುವವನೂ ಅವನೇ. ದೋಣಿಯ ದೀಪ ಆರಿದ ಕಡೆ ಅವನು ದನಿ ಇಳಿಸಿದಾಗ ಯಲ್ಲಮ್ಮನಿಗೆ ಉಸಿರೇ ನಿಂತಂತಾಗಿತ್ತು. ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಓದು ಅಲ್ಲಿಗೇ ನಿಂತಿತು. ಮತ್ತೆ ಶುರುವಾಗುವ ಮುಂಚೆಯೇ ಮೊದಲ ಕಂತಿನ ನೂರು ಪುಸ್ತಕಗಳು ಪ್ರಕಾಶಕರಿಂದ ವಾಪಸು ಬಂದವು. ಏಳನೆಯ ಫಾರಂ ಇರಬೇಕಾದ ಜಾಗದಲ್ಲಿ ಎಂಟನೆಯದಿತ್ತು. ಅದರ ಹಿಂದೆಯೇ ಇನ್ನೊಂದು ಎಂಟನೆಯದು.

ಪಾಪಯ್ಯನವರು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. ಜೋಡಿಸಿದ್ದು ಯಾರು ಎಂದರು, ದುಂಡವ್ವ ಎಂದರು ಎಲ್ಲರೂ. ಯಾರೂ ಕೇಳದಿದ್ದರೂ ಯಲ್ಲಮ್ಮ ಮುಂದೆ ಬಂದು, ತನ್ನ ಗೆರೆ ಸರಿಯಾಗಿಯೇ ಇದ್ದವು, ಬೇಕಾದರೆ ನೋಡಿಕೊಳ್ಳಿ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ. ಆದರೆ ಆವತ್ತು ಅದು ಅವಳಿಗೂ ಹೊಳೆಯಲಿಲ್ಲ.

ದುಂಡವ್ವನನ್ನು ಅವತ್ತೇ ಬಿಡಿಸಿದರು. ಹೋಗುವಾಗ ಅವಳು ಯಲ್ಲಮ್ಮನ ಎದುರು ನಿಂತು ಒಂದೇ ಮಾತು ಆಡಿದಳು: “ನಿನ್ನ ಗೆರಿ ಎಣಿಸೇ ಎತ್ತೀನವ್ವಾ. ನನ್ನ ಕೈ ತಪ್ಪಿಲ್ಲ.”

ವಾಪಸು ಬಂದ ಪುಸ್ತಕಗಳನ್ನು ಬಿಚ್ಚಿ ಸರಿಮಾಡಿದರು. ಒಂದರೊಳಗೆ ನೀಲಿ ಪೆನ್ಸಿಲಿನ ಗೀಚು ಇತ್ತೆಂದು ಪಾಪಯ್ಯನವರು ಪಕ್ಕಕ್ಕೆ ಎಸೆದರು. ಯಲ್ಲಮ್ಮ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದಳು. ಏಳನೆಯ ಜಾಗದಲ್ಲಿ ಏಳು ಗೆರೆ: ತಾನು ತಪ್ಪಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆಮೇಲೆ ದುಂಡವ್ವ ಗಿರಿನಗರದಲ್ಲಿ ಊದುಬತ್ತಿ ಹೊಸೆಯುವ ಕೆಲಸ ಹಿಡಿದಳು. ಅವಳು ಏನನ್ನೂ ಎರಡೆರಡು ಸಲ ಎಣಿಸುತ್ತಾಳೆಂದು ಬೀದಿಯೆಲ್ಲ ನಗುತ್ತಿತ್ತು. ತರಕಾರಿಯವನ ಹತ್ತಿರ ಆರು ಬದನೆಕಾಯಿ ತೆಗೆದುಕೊಂಡರೂ ಎರಡು ಸಲ ಎಣಿಸಬೇಕು. ರೇಷನ್ ಅಂಗಡಿಯ ಸಾಲಿನಲ್ಲಿ ಒಮ್ಮೆ ಇದನ್ನು ನೋಡಿದ ಯಲ್ಲಮ್ಮ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಳು ಎಂದು ಪಕ್ಕದವಳಿಗೆ ಕೇಳಿಸುವಂತೆ ಅಂದಿದ್ದಳು. ದುಂಡವ್ವನಿಗೂ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ತೊಂಬತ್ತೊಂಬತ್ತರಲ್ಲಿ, ಐವತ್ತೈದು ದಾಟಿದ ಮೇಲೆ, ಯಲ್ಲಮ್ಮ ಅಕ್ಷರ ಕಲಿತಳು. ಪಕ್ಕದ ರಸ್ತೆಯ ಶಾಂತಲಾ ಮೇಡಂ ಮಧ್ಯಾಹ್ನಗಳಲ್ಲಿ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಬೇಳೆ ಕಟ್ಟಿ ಕೊಟ್ಟ ಪೇಪರು, ಎಲ್ಲ ಓದಿಯಾಯಿತು. ಆಗ ನೆನಪಾದದ್ದು ಟ್ರಂಕಿನ ತಳದ ದೋಣಿ ಪುಸ್ತಕ. ಕೊಂದವನು ಯಾರೆಂದು ಕಡೆಗೂ ತಿಳಿಯುತ್ತದಲ್ಲ ಎಂದು ಹಿಗ್ಗಿದಳು.

ಬೆರಳಿಟ್ಟು ಒಂದೊಂದೇ ಸಾಲು ಓದಿ, ದೀಪ ಆರುವ ಜಾಗ ಮುಟ್ಟಲು ಎರಡು ತಿಂಗಳು ಹಿಡಿಯಿತು. ವೇಣುವಿನ ದನಿ ಕಿವಿಯಲ್ಲೇ ಇತ್ತು. ತೊಂಬತ್ತಾರನೆಯ ಪುಟ ಮುಗಿಸಿ ಮಗುಚಿದರೆ ನೂರ ಹದಿಮೂರು. ಮೂಲೆಯಲ್ಲಿ ಅವಳದೇ ನೀಲಿ ಗೆರೆ, ಏಳು. ಅದೇ ಪುಟದ ಅಡಿಯಲ್ಲಿ ಸಣ್ಣದಾಗಿ ಅಚ್ಚಾಗಿದ್ದ ಫಾರಮ್ಮಿನ ಅಂಕಿ, ಎಂಟು.

ಯಲ್ಲಮ್ಮ ಕನ್ನಡಕ ಒರೆಸಿ ನೋಡಿದಳು. ಎಂಟು ಎಂಟಾಗಿಯೇ ಇತ್ತು. ಎಂಟನೆಯ ಕಟ್ಟಿಗೆ ಏಳು ಗೆರೆ ಎಳೆದದ್ದು ಅವಳ ಕೈ. ಆ ಮಧ್ಯಾಹ್ನ ಏಳನೆಯದರ ಕಟ್ಟುಗಳಿಗೆಲ್ಲ ಗೆರೆ ಎಳೆಯುತ್ತ ಬಂದಿದ್ದಳು. ಕಥೆಯ ನಡುವೆಯೇ ವೇಣು ಎಂಟನೆಯದನ್ನು ತಂದಿಟ್ಟು ಹೇಳಿದ್ದನೇನೋ. ದೀಪ ಆರಿತ್ತು, ಕಿವಿ ದೋಣಿಯಲ್ಲಿತ್ತು, ಕೈ ಏಳರಲ್ಲೇ ಉಳಿಯಿತು. ದುಂಡವ್ವ ನಿಜವನ್ನೇ ಹೇಳಿದ್ದಳು.

ಕೊಲೆಗಾರನ ಹೆಸರು ನೂರ ಮೂವತ್ತೆಂಟನೆಯ ಪುಟದಲ್ಲಿತ್ತು. ಓದಿದಳು, ತಲೆಗೆ ಹೋಗಲಿಲ್ಲ.

ಅಲ್ಲಿಂದ ಹದಿನೈದು ದಿನ ಅವಳು ನಿಂತಲ್ಲಿ ನಿಲ್ಲಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬರುವಳು, ಬಾಗಿಲಿಂದ ಟ್ರಂಕಿಗೆ. ಮಗಳು ಡಾಕ್ಟರ ಹತ್ತಿರ ಹೋಗೋಣವೆಂದಳು. ಹಳೇ ಪೇಪರಿನವನು ಕೂಗಿದಾಗ ಪುಸ್ತಕ ಹಿಡಿದು ಗೇಟಿನವರೆಗೂ ಹೋಗಿದ್ದಳು. ಯಾರಿಗೆ ಗೊತ್ತಾಗುತ್ತದೆ? ಪಾಪಯ್ಯನವರೂ ಇಲ್ಲ, ವೇಣುವೂ ಇಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಪೇಪರಿನವನು ತಕ್ಕಡಿ ಎತ್ತಿದ. ಅವಳು ಏನೂ ಇಲ್ಲವೆಂದು ಅವನನ್ನು ಕಳಿಸಿ, ಚಪ್ಪಲಿ ಮೆಟ್ಟಿಕೊಂಡು ಹಾಗೆಯೇ ಗಿರಿನಗರದ ದಾರಿ ಹಿಡಿದಳು. ಇಪ್ಪತ್ತೆಂಟು ವರ್ಷ ಹೋಗದ ಮನೆ ಕಾಲು ಗಂಟೆಯ ದಾರಿಯಲ್ಲಿತ್ತು.

ದುಂಡವ್ವ ಜಗಲಿಯ ಮೇಲೆ ಊದುಬತ್ತಿ ಎಣಿಸಿ ಕಟ್ಟುತ್ತಿದ್ದಳು. ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಒಂದು ಕಟ್ಟಿಗೆ ಐವತ್ತು ಎಣಿಸಿದಳು. ಅವನ್ನೇ ಮತ್ತೆ ಮೊದಲಿಂದ ಎಣಿಸಿದಳು. ಯಲ್ಲಮ್ಮ ನಿಂತೇ ಇದ್ದಳು.

“ತಪ್ಪು ನಂದು ದುಂಡವ್ವಾ,” ಎಂದಳು ಕೊನೆಗೆ. “ಎಂಟನೇದಕ್ಕೆ ಏಳು ಗೆರೆ ಹಾಕ್ಬಿಟ್ಟಿದೀನಿ. ಓದೋಕ್ ಬಂದ್ಮೇಲೆ ಗೊತ್ತಾಯ್ತು. ಇಲ್ನೋಡು, ಅಡೀಲಿ ಇರೋದು ಎಂಟು.”

ದುಂಡವ್ವ ಪುಸ್ತಕವನ್ನು ಬಿಸಿಲಿಗೆ ಹಿಡಿದಳು. ಅಂಕಿ ಅವಳಿಗೆ ಈಗಲೂ ಬರದು. ಅದನ್ನು ಬಿಟ್ಟು ಗೆರೆಗಳ ಮೇಲೆ ಬೆರಳಿಟ್ಟು ಎಣಿಸಿದಳು. ಏಳಾಯಿತು. ಬೆರಳು ಅಲ್ಲೇ ನಿಂತಿತು.

“ನನ್ನ ಕೈ ತಪ್ಪಿಲ್ಲ ಅಂತ ಒಂದ್ ವರ್ಷ ಅಂದೆ,” ಎಂದಳು. “ಆಮ್ಯಾಲೆ ನಂಗೂ ಸಂಶೇ ಬಂತು. ತಪ್ಪಿರಬೇಕು ಅಂತ ನಾನೂ ನಂಬಿದೆ.”

ಯಲ್ಲಮ್ಮ ಕ್ಷಮಿಸು ಎಂಬ ಮಾತನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು, ಅದು ಈಗ ಆಡಲಾರದಷ್ಟು ಚಿಕ್ಕದಾಗಿತ್ತು. ಜಗಲಿಯ ಅಂಚಿಗೆ ಕೂತಳು. ದುಂಡವ್ವ ಬೇಡ ಎನ್ನಲಿಲ್ಲ. ಪುಸ್ತಕ ಮುಚ್ಚಿ ತನ್ನ ತೊಡೆಯ ಮೇಲೇ ಇಟ್ಟುಕೊಂಡಳು, ಹಿಂದಕ್ಕೆ ಕೊಡಲಿಲ್ಲ.

ಆಮೇಲೆ ಇನ್ನೊಂದು ಹಿಡಿ ಊದುಬತ್ತಿ ಎಳೆದುಕೊಂಡು, ಐವತ್ತು ಎಣಿಸಿದಳು. ಒಂದೇ ಸಲ ಎಣಿಸಿ, ದಾರ ಸುತ್ತಿ, ಕಟ್ಟನ್ನು ಬುಟ್ಟಿಗೆ ಹಾಕಿದಳು.